ಹೆಸರು ತಿಳಿಯದ ಹಳೇ ಉಪಕರಣ: ನಾನು ಗುರುತು ಹಿಡಿಯುವ ಬಗೆ

ಅಟ್ಟದಿಂದ ಇಳಿಸಿದ ಹಳೇ ಸಾಮಾನನ್ನು ಮೊದಲು ಹುಣಸೆಹಣ್ಣು ಹಾಕಿ ತಿಕ್ಕುವುದು ನಮ್ಮಲ್ಲಿ ರೂಢಿ. ದಯವಿಟ್ಟು ತಿಕ್ಕಬೇಡಿ. ಅದು ಯಾವ ಕೆಲಸಕ್ಕೆ ಬರುತ್ತಿತ್ತು ಎಂಬುದರ ಸಾಕ್ಷಿ ಸಂದಿಯ ಕೊಳೆಯಲ್ಲೇ ಉಳಿದಿರುತ್ತದೆ. ನಾನು ಬಿಳಿ ಹಾಳೆಯ ಮೇಲಿಟ್ಟು ಒಣ ಬ್ರಷ್‌ನಿಂದ ಮೇಲುಮಣ್ಣನ್ನಷ್ಟೇ ಉದುರಿಸುತ್ತೇನೆ, ಉದುರಿದ್ದನ್ನು ಪೊಟ್ಟಣ ಕಟ್ಟಿಡುತ್ತೇನೆ. ಬಿಳಿ ಪುಡಿ ಸಿಕ್ಕರೆ ಅದರ ಮೇಲೆ ಒಂದು ಹನಿ ನಿಂಬೆರಸ. ನೊರೆ ಬಂದರೆ ಸುಣ್ಣ, ಅಂದರೆ ಎಲೆಅಡಿಕೆಯ ಸಾಮಾನಿರಬಹುದು. ಗೋಡೆಯ ಸುಣ್ಣಕ್ಕೂ ನೊರೆ ಬರುತ್ತದೆ, ಆದ್ದರಿಂದ ಹೊರಮೈಯದನ್ನು ಬಿಟ್ಟು ಒಳಸಂದಿಯ ಪುಡಿಯನ್ನೇ ನೋಡಬೇಕು.

ನನಗೆ ಬೇಕಾಗುವುದು ಇಷ್ಟು: ವರ್ನಿಯರ್ ಕ್ಯಾಲಿಪರ್, 0.1 ಗ್ರಾಂ ತೋರಿಸುವ ತಕ್ಕಡಿ, ಆಯಸ್ಕಾಂತ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಟಾರ್ಚ್. ಟಾರ್ಚನ್ನು ಮೇಲಿನಿಂದ ಹಿಡಿದರೆ ಏನೂ ಕಾಣದು. ಪಕ್ಕದಿಂದ, ಮೈಗೆ ಒರಗಿಸಿದ ಹಾಗೆ ಬೆಳಕು ಬಿಟ್ಟರೆ ಅಳಿಸಿಹೋದ ಮುದ್ರೆಯೂ ನೆರಳಿನಲ್ಲಿ ಎದ್ದು ಬರುತ್ತದೆ.

ಆಕಾರ ನೋಡಿ ಹೆಸರಿಡುವುದೇ ದೊಡ್ಡ ತಪ್ಪು, ಸವೆತ ನೋಡಬೇಕು. ಒಂದು ಬಳೆಗೆ ನಾಲ್ಕಾರು ಸರಪಳಿ, ಅದರ ತುದಿಗಳಲ್ಲಿ ಎಲ್ಲ ದಿಕ್ಕಿಗೂ ಬಾಯಿ ತೆರೆದ ಕೊಕ್ಕೆಗಳು ಇರುವ ಗೊಂಚಲನ್ನು ತೂಗುದೀಪದ ಸರಪಳಿ ಎಂದೋ ಆಯುಧ ಎಂದೋ ಮಾರುವುದನ್ನು ಕಾಣುತ್ತೇವೆ. ಅದು ಪಾತಾಳಗರಡಿ, ಬಾವಿಗೆ ಬಿದ್ದ ಕೊಡ ಎತ್ತುವ ಸಾಧನ. ಕೊಕ್ಕೆಯ ಮೊನೆ ಮುಟ್ಟಿ ನೋಡಿ. ಮಾಂಸ ತೂಗುಹಾಕುವ ಕೊಕ್ಕೆಯಾದರೆ ಚೂಪಾಗಿರುತ್ತದೆ. ಕೊಡದ ಕಂಠಕ್ಕೆ ಸಿಕ್ಕಿಕೊಳ್ಳಬೇಕಾದದ್ದಕ್ಕೆ ಚೂಪು ಬೇಡ, ಮೊಂಡಾಗಿರುತ್ತದೆ. ಮೇಲಿನ ಬಳೆಯ ಒಳಮೈಯನ್ನೂ ನೋಡಿ. ಹಗ್ಗ ಉಜ್ಜಿದ ಸವೆತ ಅಗಲವಾಗಿ, ನುಣುಪಾಗಿರುತ್ತದೆ. ಸರಪಳಿ ಉಜ್ಜಿದ್ದು ಕಚ್ಚು ಬೀಳಿಸುತ್ತದೆ.

ನನಗೆ ಹೆಚ್ಚು ಪ್ರೀತಿಯ ಕೆಲಸವೆಂದರೆ ತೂತುಗಳಿರುವ ಉಕ್ಕಿನ ಪಟ್ಟಿಗಳನ್ನು ಬೇರ್ಪಡಿಸುವುದು. ನೋಡಲು ಎಲ್ಲವೂ ಒಂದೇ. ಅಕ್ಕಸಾಲಿಗರು ತಂತಿ ಎಳೆದು ಸಣ್ಣಗಾಗಿಸುವ ಕಂಬಚ್ಚಿನಲ್ಲಿ ತೂತುಗಳು ಸಾಲಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತವೆ, ಪ್ರತಿ ತೂತೂ ಒಂದು ಮೈಯಲ್ಲಿ ಅಗಲ, ಇನ್ನೊಂದು ಮೈಯಲ್ಲಿ ಕಿರಿದು. ಅಗಲದ ಕಡೆಯಿಂದ ತಂತಿ ತೂರಿಸಿ ಕಿರಿದಾದ ಕಡೆಯಿಂದ ಎಳೆಯುವುದರಿಂದ ಒಳಗೋಡೆ ಕನ್ನಡಿಯ ಹಾಗೆ ಹೊಳೆಯುತ್ತದೆ. ತೂತಿನ ಬಾಯಲ್ಲಿ ಜೇನುಮೇಣದ ಅಂಟೂ ಸಿಗಬಹುದು, ತಂತಿ ಸಲೀಸಾಗಿ ಜಾರಲೆಂದು ಹಚ್ಚಿದ್ದು. ತೂತಿನೊಳಗೆ ಸುರುಳಿ ಗೀರು ಕಂಡರೆ ಅದು ಸ್ಕ್ರೂಗೆ ಥ್ರೆಡ್ ಹಾಕುವ ಪಟ್ಟಿ. ಕೆಲವದರಲ್ಲಿ ಲೋಹದ ಚೂರು ಹೊರಬೀಳಲು ಪಕ್ಕದಲ್ಲಿ ಸೀಳು ಇರುತ್ತದೆ. ದಪ್ಪ ಪಟ್ಟಿಗೆ ಒಂದೆರಡೇ ಚೌಕ ತೂತಿದ್ದು, ಸುತ್ತ ಸುತ್ತಿಗೆ ಪೆಟ್ಟಿನಿಂದ ತಗ್ಗು ಬಿದ್ದಿದ್ದರೆ ಅದು ಕಮ್ಮಾರರು ಮೊಳೆಗೆ ತಲೆ ಮೂಡಿಸುತ್ತಿದ್ದದ್ದು. ತೂತಿನ ಅಳತೆಗೆ ಕ್ಯಾಲಿಪರ್ ತೂರದು, ಡ್ರಿಲ್ ಬಿಟ್‌ನ ಹಿಂತುದಿಗಳನ್ನು ಒಂದೊಂದಾಗಿ ಇಟ್ಟು ನೋಡುತ್ತೇನೆ. ಯಾವುದೇ ಕಾರಣಕ್ಕೂ ಎಮರಿ ಕಾಗದ ಸುತ್ತಿ ತೂತು ಉಜ್ಜಬೇಡಿ. ಆ ಹೊಳಪು ಹೋದರೆ ಮುಖ್ಯ ಸಾಕ್ಷಿಯೇ ಹೋಯಿತು.

ತೂಕದ ಬಟ್ಟುಗಳ ವಿಷಯದಲ್ಲಿ ಲೆಕ್ಕವೇ ಮಾತಾಡುತ್ತದೆ. ಗ್ರಾಂನಲ್ಲಿ ತೂಗಿ 11.66ರಿಂದ ಭಾಗಿಸಿದರೆ ತೊಲ ಬರುತ್ತದೆ. ಸುಮಾರು 280 ಗ್ರಾಂ ಇದ್ದರೆ 24 ತೊಲ, ಹಳೇ ಮೈಸೂರಿನ ಕಚ್ಚಾ ಸೇರು. ಅಂಥ 40 ಸೇರಿಗೆ ಒಂದು ಮಣ, ಈಗಿನ 11.2 ಕಿಲೋ. 933 ಗ್ರಾಂ ಬಂದರೆ 80 ತೊಲದ ಪಕ್ಕಾ ಸೇರು. ಎಡವುವುದು ಅರ್ಧ ಸೇರಿನಲ್ಲಿ. ಅದು 466.6 ಗ್ರಾಂ, ಪೌಂಡು 453.6. ತುಕ್ಕು ತಿಂದ ಅರ್ಧ ಸೇರು ಪೌಂಡಿನ ಹತ್ತಿರಕ್ಕೆ ಇಳಿದಿರುತ್ತದೆ. ಬುಡ ತಿರುಗಿಸಿ, ತೂಕ ಸರಿಮಾಡಲು ತುಂಬಿದ ಸೀಸ ಇದೆಯೇ ನೋಡಿ. ಕುಳಿ ಖಾಲಿಯಾಗಿದ್ದರೆ ತೂಕ ಕಡಿಮೆ ತೋರಿಸುವುದು ಸಹಜ. ಕಿಲೋಗ್ರಾಂ ಮುದ್ರೆಯ ಭಾರತೀಯ ಬಟ್ಟು 1958ರ ಅಕ್ಟೋಬರ್‌ಗಿಂತ ಹಳೆಯದಾಗಿರುವುದು ಅಪರೂಪ, ದೇಶದಲ್ಲಿ ಮೆಟ್ರಿಕ್ ತೂಕ ಹಂತ ಹಂತವಾಗಿ ಜಾರಿಗೆ ಬಂದದ್ದು ಆಗಲೇ.

ಧಾನ್ಯ ಅಳೆಯುವ ಸೇರು, ಪಾವು, ಚಟಾಕುಗಳಲ್ಲಿ ಈ ಲೆಕ್ಕ ನಡೆಯದು. ಅಳತೆ ಸೀಮೆಯಿಂದ ಸೀಮೆಗೆ ಬೇರೆ. ನಂಬಬಹುದಾದದ್ದು ಅನುಪಾತ: ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಮರದ್ದಾಗಲಿ ಬಿದಿರಿನದ್ದಾಗಲಿ ನೀರು ಹಾಕಬೇಡಿ, ಬಿರಿಯುತ್ತದೆ. ರಾಗಿ ತುಂಬಿ, ಅಂಚಿನ ಮಟ್ಟಕ್ಕೆ ಸವರಿ, ಗೀರಿರುವ ಜಾಡಿಗೆ ಸುರಿದು ಓದಿಕೊಳ್ಳುತ್ತೇನೆ.

ತಳದಲ್ಲಿ ಸುತ್ತಲೂ ತೂತಿರುವ ಮರದ ಬಟ್ಟಲು ಸಿಕ್ಕರೆ ಪ್ರತಿ ತೂತಿಗೂ ಒಂದು ಕಡ್ಡಿ ಚುಚ್ಚಿ ನೋಡಿ. ಕಡ್ಡಿಗಳು ಕೆಳಗೆ ಬೀಸಣಿಗೆಯಂತೆ ಹರಡಿಕೊಂಡರೆ ಅದು ಬೀಜ ಬಿತ್ತುವ ಕೂರಿಗೆಯ ಬಟ್ಟಲು, ಅಲ್ಲಿಂದ ಬಿದಿರ ಕೊಳವೆಗಳು ಮಣ್ಣು ಸೀಳುವ ತಾಳುಗಳಿಗೆ ಇಳಿಯುತ್ತಿದ್ದವು. ಹನ್ನೆರಡು ತೂತಿದ್ದರೆ ರಾಗಿ ಕೂರಿಗೆ ಇರಬೇಕು.

ನಟ್ಟು ಬೋಲ್ಟು ಇರುವ ಸಾಮಾನಿನಲ್ಲಿ ಥ್ರೆಡ್ ಎಣಿಸಬೇಕು. ಬೋಲ್ಟನ್ನು ಕಾಗದದ ಮೇಲೆ ಒತ್ತಿ ಉರುಳಿಸಿ, 25.4 ಮಿಲಿಮೀಟರ್‌ನಲ್ಲಿ ಎಷ್ಟು ಗೀರು ಬಿದ್ದವು ನೋಡಿ. ಅರ್ಧ ಇಂಚಿನ ಬೋಲ್ಟಿಗೆ 12 ಬಂದರೆ 1841ರಲ್ಲಿ ಶುರುವಾದ ಬ್ರಿಟಿಷ್ ವಿಟ್‌ವರ್ಥ್ ಅಳತೆ, 13 ಬಂದರೆ ಅಮೆರಿಕದ್ದು. ಕಾಲು ಇಂಚಿನಲ್ಲಿ ಎರಡಕ್ಕೂ 20, ಅಲ್ಲಿ ಎಣಿಕೆ ಸಾಲದು. ಗೀರಿನ ಕೋನ 55 ಡಿಗ್ರಿಯೋ 60 ಡಿಗ್ರಿಯೋ ಎಂದು ಗೇಜ್ ಇಟ್ಟು ನೋಡಬೇಕು. ಇಂಗ್ಲೆಂಡಿನ ಸಾಮಾನಿನ ಮೇಲೆ ವಜ್ರಾಕಾರದ ನೋಂದಣಿ ಮುದ್ರೆ ಇದ್ದರೆ ಅದರ ವಿನ್ಯಾಸ ನೋಂದಣಿಯಾದದ್ದು 1842ರಿಂದ 1883ರ ಒಳಗೆ. 1884ರಿಂದ ಬರೀ ನೋಂದಣಿ ಸಂಖ್ಯೆ ಹಾಕಿದರು. ಇದು ವಿನ್ಯಾಸದ ವರ್ಷ. ಕೈಯಲ್ಲಿರುವ ವಸ್ತು ಅದಾದ ಎಷ್ಟೋ ವರ್ಷಕ್ಕೆ ತಯಾರಾಗಿರಬಹುದು.

ಹಿರಿಯರನ್ನು ಕೇಳುವಾಗ “ಇದು ಅಡಿಕೆ ಸುಲಿಯೋದಾ ಅಜ್ಜಾ?” ಎಂದರೆ “ಇರಬಹುದಪ್ಪ” ಎಂಬ ಉತ್ತರವೇ ಬರುತ್ತದೆ. ನಾನು ಏನೂ ಹೇಳದೆ ವಸ್ತುವನ್ನು ಅವರ ಕೈಗೆ ಕೊಡುತ್ತೇನೆ. ಅದನ್ನು ಬಳಸಿದವರಾದರೆ ಬೆರಳು ತಾನಾಗಿ ಸವೆದ ಜಾಗಕ್ಕೇ ಹೋಗಿ ಕೂರುತ್ತದೆ. ಆಮೇಲೆ “ನಿಮ್ಮ ಕಡೆ ಇದಕ್ಕೆ ಏನಂತಾರೆ?” ಎಂದು ಕೇಳಿ, ಅವರು ಹೇಳಿದ ಹೆಸರನ್ನು ಉಚ್ಚಾರ ತಿದ್ದದೆ, ಊರಿನ ಹೆಸರಿನ ಜೊತೆ ಚೀಟಿಯಲ್ಲಿ ಬರೆದು ಹತ್ತಿ ದಾರದಲ್ಲಿ ಕಟ್ಟುತ್ತೇನೆ. ತಂತಿಯಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಅದರ ತುಕ್ಕು ವಸ್ತುವಿಗೂ ಹತ್ತುತ್ತದೆ.