ಮೊದಲು ಸ್ನಾಯು ಹುಡುಕುತ್ತೇನೆ

ಮೂತ್ರಕೋಶದ ಗಡ್ಡೆಯ ಚೂರುಗಳು ನನ್ನ ಲ್ಯಾಬಿಗೆ ಬಂದಾಗ ಸರ್ಜನ್‌ಗೆ ಬೇಕಾಗಿರುವುದು ಮುಖ್ಯವಾಗಿ ಎರಡು ಉತ್ತರ. ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ? ಅದು ಎಷ್ಟು ಉಗ್ರವಾದದ್ದು? ಗಡ್ಡೆ ಇದೆ ಎನ್ನುವುದು ಸಿಸ್ಟೋಸ್ಕೋಪಿಯಲ್ಲೇ (ಮೂತ್ರನಾಳದ ಮೂಲಕ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಅವರಿಗೆ ಕಂಡಿರುತ್ತದೆ. ಆಳ ಹೇಳಬೇಕಾದವರು ನಾವು, ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುವ ಪೆಥಾಲಜಿಸ್ಟ್‌ಗಳು. ಮೂತ್ರಕೋಶವನ್ನು ಉಳಿಸಿಕೊಳ್ಳಬಹುದೋ, ತೆಗೆಯಬೇಕೋ ಎನ್ನುವ ತೀರ್ಮಾನ ಬಹುಪಾಲು ಆ ಮಾತಿನ ಮೇಲೆ ನಿಂತಿರುತ್ತದೆ. ಅದಕ್ಕೇ ಈ ಸ್ಲೈಡುಗಳನ್ನು ನಾನು ಹೇಗೆ ನೋಡುತ್ತೇನೆ ಅಂತ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಉಪಯೋಗವಾದೀತು. ರಿಪೋರ್ಟ್ ಕೈಯಲ್ಲಿ ಹಿಡಿದು ಯೋಚಿಸುತ್ತಿರುವ ಮನೆಯವರಿಗೂ ಒಂದಿಷ್ಟು ಅರ್ಥವಾಗಬಹುದು.

ಮೂತ್ರಕೋಶದ ಗೋಡೆ ಹೀಗಿದೆ. ಎಲ್ಲಕ್ಕಿಂತ ಒಳಗೆ ಯೂರೋಥೀಲಿಯಂ ಎಂಬ ಪದರ, ಸುಮಾರು ಐದರಿಂದ ಏಳು ಸಾಲು ಜೀವಕೋಶಗಳು. ಅದರಡಿಯಲ್ಲಿ ಲ್ಯಾಮಿನಾ ಪ್ರೊಪ್ರಿಯಾ ಎಂಬ ಸಡಿಲ ಪದರ, ರಕ್ತನಾಳಗಳೆಲ್ಲ ಇರುವ ಜಾಗ. ಅದರಾಚೆ ಡಿಟ್ರೂಸರ್ ಎಂಬ ದಪ್ಪ ಸ್ನಾಯು, ಆಮೇಲೆ ಕೊಬ್ಬು. ಗಡ್ಡೆ ಕವಲು ಕವಲಾಗಿ ಒಳಗಿನ ಪೊಳ್ಳಿಗೆ ಬೆಳೆದು ಗೋಡೆಗೆ ಇಳಿಯದಿದ್ದರೆ ಅದು ಟಿಎ. ಸಡಿಲ ಪದರಕ್ಕೆ ಇಳಿದರೆ ಟಿ1. ದಪ್ಪ ಸ್ನಾಯುವಿಗೆ ಹೊಕ್ಕರೆ ಟಿ2. ಹೊಸದಾಗಿ ಪತ್ತೆಯಾಗುವ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕ್ಯಾನ್ಸರ್ ಇನ್ನೂ ಸ್ನಾಯುವಿಗೆ ಹೋಗಿರುವುದಿಲ್ಲ. ಅವರಿಗೆ ಸಾಮಾನ್ಯವಾಗಿ ಗಡ್ಡೆ ಕೆರೆದು ತೆಗೆದು, ಬೇಕಿದ್ದರೆ ಮೂತ್ರಕೋಶದೊಳಗೆ ಔಷಧಿ ಬಿಟ್ಟು, ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಹೋಗುತ್ತಾರೆ. ಸ್ನಾಯುವಿಗೆ ಹೊಕ್ಕಿದ್ದರೆ ದಾರಿಯೇ ಬೇರೆ.

ಗಡ್ಡೆಯನ್ನು ವಿದ್ಯುತ್ ತಂತಿಯ ಕುಣಿಕೆಯಿಂದ ಕೊರೆದು ತೆಗೆಯುವುದರಿಂದ ನಮಗೆ ಸಿಗುವುದು ಸಣ್ಣ ಸಣ್ಣ ಚೂರುಗಳು. ಯಾವುದು ಮೇಲಿನದು, ಯಾವುದು ತಳದ್ದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಸರ್ಜನ್‌ಗಳನ್ನು ಯಾವಾಗಲೂ ಕೇಳಿಕೊಳ್ಳುತ್ತೇನೆ, ತಳದ ಚೂರುಗಳನ್ನು ಬೇರೆ ಬಾಟಲಿಯಲ್ಲಿ ಹಾಕಿ ಕೊಡಿ ಅಂತ. ಇಷ್ಟು ಮಾಡಿದರೆ ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ. ಚೂರುಗಳು ತೀರಾ ಜಾಸ್ತಿ ಇಲ್ಲದಿದ್ದರೆ ಎಲ್ಲವನ್ನೂ ಕ್ಯಾಸೆಟ್‌ಗಳಿಗೆ ಹಾಕಿಬಿಡುತ್ತೇನೆ. ಆಳಕ್ಕೆ ಇಳಿದ ಜಾಗ ಒಂದೇ ಚೂರಿನಲ್ಲಿ ಇರಬಹುದು ಅಲ್ವಾ?

ಸ್ಲೈಡ್ ಕೈಗೆ ಬಂದ ಮೇಲೆ ಕಡಿಮೆ ಪವರ್‌ನಲ್ಲಿ ಇಡೀ ಸ್ಲೈಡ್ ಸುತ್ತಿ ಬರುತ್ತೇನೆ. ಆಗ ಗಡ್ಡೆ ನೋಡುವುದಿಲ್ಲ, ಸ್ನಾಯು ಹುಡುಕುತ್ತೇನೆ. ಇಲ್ಲೊಂದು ಎಚ್ಚರ ಬೇಕು. ಲ್ಯಾಮಿನಾ ಪ್ರೊಪ್ರಿಯಾದ ಒಳಗೂ ಸ್ನಾಯುವಿನ ತೆಳು ಎಳೆಗಳಿರುತ್ತವೆ. ಅವಕ್ಕೆ ಮಸ್ಕ್ಯುಲಾರಿಸ್ ಮ್ಯುಕೋಸೆ ಅನ್ನುತ್ತೇವೆ. ಅವು ದಾರದ ಎಳೆಗಳಾದರೆ ಡಿಟ್ರೂಸರ್ ಹಗ್ಗದ ಕಟ್ಟು. ಕ್ಯಾನ್ಸರ್ ಈ ತೆಳು ಎಳೆಗಳ ನಡುವೆ ಕಂಡರೆ ಅದು ಇನ್ನೂ ಟಿ1 ಮಾತ್ರ. ಅದನ್ನು ಟಿ2 ಅಂತ ಬರೆದರೆ ಉಳಿಯಬಹುದಾಗಿದ್ದ ಮೂತ್ರಕೋಶ ಹೋಗಬಹುದು. ಕಷ್ಟ ಏನೆಂದರೆ ಕೆಲವೊಮ್ಮೆ ಆ ಎಳೆಗಳೂ ದಪ್ಪಗಾಗಿರುತ್ತವೆ. ಒಮ್ಮೆ ಕೆರೆದಿದ್ದ ಜಾಗವಾದರೆ ಗಾಯ ಮಾಗಿ ಎಲ್ಲ ಕಲಸಿಹೋಗಿರುತ್ತದೆ. ಅಂಥ ಕಡೆ ನಾನು ಬಲವಂತವಾಗಿ ತೀರ್ಮಾನ ಮಾಡುವುದಿಲ್ಲ. ‘ಸ್ನಾಯುವಿನಲ್ಲಿ ಕ್ಯಾನ್ಸರ್ ಇದೆ, ಆದರೆ ಯಾವ ಸ್ನಾಯು ಎಂದು ಈ ಚೂರಿನಲ್ಲಿ ಹೇಳಲಾಗದು’ ಅಂತಲೇ ಬರೆಯುತ್ತೇನೆ. ಕೊಬ್ಬಿನ ವಿಷಯವೂ ಹಾಗೆಯೇ. ಕೊಬ್ಬು ಗೋಡೆಯ ಎಲ್ಲ ಪದರಗಳಲ್ಲೂ ಇರಬಹುದು. ಇಂಥ ಚೂರಿನಲ್ಲಿ ಕೊಬ್ಬಿನ ಪಕ್ಕ ಕ್ಯಾನ್ಸರ್ ಕಂಡಿತು ಅಂತ ಗೋಡೆ ದಾಟಿ ಹೋಗಿದೆ ಎನ್ನಲು ಬರುವುದಿಲ್ಲ.

ಸ್ನಾಯು ಸಿಗಲಿಲ್ಲ ಅಂದರೆ ಅದನ್ನೂ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು. ಟಿ1 ಕ್ಯಾನ್ಸರ್ ಇದೆ, ಚೂರಿನಲ್ಲಿ ಸ್ನಾಯು ಇಲ್ಲ ಅಂದಾಗ ಆಳದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ. ಆಗ ರಿಪೋರ್ಟ್ ಕಳಿಸಿ ಸುಮ್ನೆ ಕೂರದೆ ಸರ್ಜನ್‌ಗೆ ಫೋನ್ ಮಾಡುತ್ತೇನೆ. ಎರಡರಿಂದ ಆರು ವಾರದೊಳಗೆ ಅದೇ ಜಾಗವನ್ನು ಇನ್ನೊಮ್ಮೆ ಕೆರೆದು ನೋಡುವುದು ವಾಡಿಕೆ. ಎರಡನೇ ಸಲದ ಚೂರಿನಲ್ಲಿ ಸ್ನಾಯುವಿನೊಳಗೆ ಕ್ಯಾನ್ಸರ್ ಕಂಡದ್ದನ್ನು ನಾನು ನೋಡಿದ್ದೇನೆ. ರೋಗಿಗೆ ಇನ್ನೊಂದು ಆಪರೇಷನ್ ಬೇಸರದ ಮಾತು, ನಿಜ. ಆದರೂ ಅದನ್ನು ತಪ್ಪಿಸಿಕೊಳ್ಳಬೇಡಿ ಅಂತಲೇ ನನ್ನ ಸಲಹೆ.

ಗೋಡೆಗೆ ಇಳಿದಿದೆಯೋ ಇಲ್ಲವೋ ಎನ್ನುವುದು ಇನ್ನೊಂದು ಸೂಕ್ಷ್ಮ. ಗಡ್ಡೆಯ ಕವಲುಗಳು ಓರೆಯಾಗಿ ಕತ್ತರಿಸಿಹೋದರೆ ಜೀವಕೋಶಗಳ ಗುಂಪುಗಳು ಒಳಗೆ ಇಳಿದಂತೆ ಕಾಣುತ್ತವೆ. ನಾನು ಅಂಚು ನೋಡುತ್ತೇನೆ. ಅಂಚು ನಯವಾಗಿದ್ದರೆ ಅವಸರಪಡುವುದಿಲ್ಲ. ಒಂಟಿ ಜೀವಕೋಶಗಳು ಚದುರಿದ್ದರೆ, ಗುಂಪುಗಳ ಸುತ್ತ ಖಾಲಿ ಜಾಗ ಬಿಟ್ಟಿದ್ದರೆ, ಇಳಿದ ಜೀವಕೋಶಗಳು ಮೇಲಿನವಕ್ಕಿಂತ ಜಾಸ್ತಿ ಗುಲಾಬಿಯಾಗಿದ್ದರೆ ಅದು ನಿಜವಾದ ಇಳಿತ. ಕುಣಿಕೆಯ ಬಿಸಿಗೆ ಸುಟ್ಟ ಅಂಚುಗಳಲ್ಲಿ ಏನೂ ತಿಳಿಯದಿದ್ದಾಗ, ಯೂರೋಥೀಲಿಯಂನಿಂದ ಬಂದ ಜೀವಕೋಶಗಳನ್ನು ಎತ್ತಿ ತೋರಿಸುವ ಕೆರಾಟಿನ್ ಸ್ಟೇನ್ (ಬಣ್ಣ) ಹಾಕಿಸುತ್ತೇನೆ.

ಕ್ಯಾನ್ಸರ್ ಎಷ್ಟು ಉಗ್ರ ಎಂದು ಹೇಳುವ ಗ್ರೇಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 1973ರ ಪದ್ಧತಿಯಲ್ಲಿ ಗ್ರೇಡ್ 1, 2, 3 ಇತ್ತು. 2004ರಿಂದ ಲೋ ಗ್ರೇಡ್, ಹೈ ಗ್ರೇಡ್. ಕೆಲವರು ಎರಡನ್ನೂ ಬರೆಯುತ್ತಾರೆ.

ನನಗೆ ಹೆಚ್ಚು ಭಯ ಇರುವುದು ದೊಡ್ಡ ಗಡ್ಡೆಗಳ ಬಗ್ಗೆ ಅಲ್ಲ, ಗಡ್ಡೆಯೇ ಇಲ್ಲದೆ ಚಪ್ಪಟೆಯಾಗಿ ಹರಡುವ ಕಾರ್ಸಿನೋಮಾ ಇನ್ ಸಿಟು ಬಗ್ಗೆ. ಸಿಸ್ಟೋಸ್ಕೋಪಿಯಲ್ಲಿ ಅದು ಬರೀ ಕೆಂಪು ಕಲೆ ಅನ್ನಿಸಬಹುದು, ಏನೂ ಕಾಣದೆಯೂ ಇರಬಹುದು. ಆದರೆ ಸ್ವಭಾವದಲ್ಲಿ ಅದು ಹೈ ಗ್ರೇಡ್. ನ್ಯೂಕ್ಲಿಯಸ್‌ಗಳು ಕಪ್ಪಾಗಿ, ಪಕ್ಕದ ಲಿಂಫೋಸೈಟಿನ (ಒಂದು ಬಗೆಯ ಬಿಳಿ ರಕ್ತಕಣ) ನಾಲ್ಕೈದು ಪಟ್ಟು ದೊಡ್ಡದಾಗಿರುತ್ತವೆ. ಈ ಜೀವಕೋಶಗಳಿಗೆ ಒಂದಕ್ಕೊಂದು ಹಿಡಿತ ಕಡಿಮೆ. ಉದುರಿಹೋಗುತ್ತವೆ. ಒಮ್ಮೆ ಬಂದ ಬಯಾಪ್ಸಿಯಲ್ಲಿ ಮೇಲ್ಪದರವೇ ಇರಲಿಲ್ಲ, ಬರೀ ಬೋಳು. ಕ್ಯಾನ್ಸರ್ ಇಲ್ಲ ಅಂತ ಬರೆದು ಮುಗಿಸಬಹುದಿತ್ತು. ನಾನು ಇನ್ನಷ್ಟು ಆಳದ ಸೆಕ್ಷನ್ ಮಾಡಿಸಿದೆ, ಮೂತ್ರದ ಸೈಟಾಲಜಿಯನ್ನೂ (ಮೂತ್ರದಲ್ಲಿರುವ ಜೀವಕೋಶಗಳ ಪರೀಕ್ಷೆ) ಕೇಳಿದೆ. ಉದುರಿದ ಕ್ಯಾನ್ಸರ್ ಜೀವಕೋಶಗಳೆಲ್ಲ ಮೂತ್ರದಲ್ಲಿ ಸಿಕ್ಕವು. ಸೈಟಾಲಜಿಯ ಬಲ ಇರುವುದೇ ಇಲ್ಲಿ. ಲೋ ಗ್ರೇಡ್ ಗಡ್ಡೆಗಳನ್ನು ಅದು ಎಷ್ಟೋ ಸಲ ಹಿಡಿಯುವುದಿಲ್ಲ, ಹೈ ಗ್ರೇಡನ್ನು ಚೆನ್ನಾಗಿ ಹಿಡಿಯುತ್ತದೆ. ಬೆಳಗಿನ ಮೊದಲ ಮೂತ್ರ ಬೇಡ ಅನ್ನುತ್ತೇನೆ. ರಾತ್ರಿಯಿಡೀ ನಿಂತ ಮೂತ್ರದಲ್ಲಿ ಜೀವಕೋಶಗಳು ಕೆಟ್ಟಿರುತ್ತವೆ. ಬಯಾಪ್ಸಿಯಲ್ಲಿ ಅನುಮಾನ ಉಳಿದರೆ ಸಿಕೆ20, ಸಿಡಿ44, ಪಿ53 ಎಂಬ ಪ್ರೋಟೀನುಗಳ ಸ್ಟೇನ್ ಮೂರನ್ನೂ ಒಟ್ಟಿಗೆ ನೋಡುತ್ತೇನೆ. ಒಂದನ್ನೇ ನಂಬುವುದಿಲ್ಲ.

ಕ್ಯಾನ್ಸರ್ ಅಲ್ಲದೆ ಕ್ಯಾನ್ಸರಿನ ಹಾಗೆ ಕಾಣುವವೂ ಮೂತ್ರಕೋಶದಲ್ಲಿ ಬೇಕಾದಷ್ಟಿವೆ. ಕ್ಯಾತಿಟರ್ ಬಹಳ ದಿನ ಇದ್ದರೆ ಗಡ್ಡೆಯಂತೆ ಊದುವ ಪಾಲಿಪಾಯ್ಡ್ ಸಿಸ್ಟೈಟಿಸ್. ಸೋಂಕಿನಿಂದ ಬರುವ, ಹಳದಿ ಮಚ್ಚೆಗಳ ಮಲಕೋಪ್ಲಾಕಿಯಾ. ಬಿಸಿಜಿಯನ್ನು (ಕ್ಷಯದ ಲಸಿಕೆಯಲ್ಲಿರುವ ದುರ್ಬಲ ಬ್ಯಾಕ್ಟೀರಿಯಾ) ಔಷಧಿಯಾಗಿ ಒಳಗೆ ಬಿಟ್ಟ ಮೂತ್ರಕೋಶದಲ್ಲಿ ಗ್ರಾನ್ಯುಲೋಮಾಗಳು, ಅಂದರೆ ಉರಿಯೂತದ ಸಣ್ಣ ಗಂಟುಗಳು. ಆ ಚಿಕಿತ್ಸೆಯ ಬಗ್ಗೆ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಮೊದಲು ವರದಿ ಮಾಡಿದರು. ಬಿಸಿಜಿ ಕೊಟ್ಟಿದ್ದು ಗೊತ್ತಿಲ್ಲದೆ ಸ್ಲೈಡ್ ನೋಡಿದರೆ ಕ್ಷಯ ಅನ್ನಿಸಿಬಿಡುತ್ತದೆ. ಇನ್ನೊಂದು ಬಯಾಪ್ಸಿಯಲ್ಲಿ ಸಣ್ಣ ಸಣ್ಣ ಕೊಳವೆಗಳು ತುಂಬಿದ್ದವು, ಚೂರಿನ ಜೊತೆ ಬಂದ ಫಾರಂನಲ್ಲಿ ‘ಗಡ್ಡೆ’ ಅಂತ ಮಾತ್ರ ಇತ್ತು. ಫೋನ್ ಮಾಡಿದಾಗ ಅದೇ ಜಾಗದಲ್ಲಿ ಹಿಂದೆ ಆಪರೇಷನ್ ಆಗಿದ್ದು ತಿಳಿಯಿತು. ಮೂತ್ರಪಿಂಡದ ಮೂಲದ ಜೀವಕೋಶಗಳನ್ನು ತೋರಿಸುವ ಪ್ಯಾಕ್ಸ್8 ಸ್ಟೇನ್ ಪಾಸಿಟಿವ್ ಬಂತು. ಅದು ನೆಫ್ರೋಜೆನಿಕ್ ಅಡಿನೋಮಾ, ಕ್ಯಾನ್ಸರ್ ಅಲ್ಲ. ಇದಕ್ಕೆ ತಿರುಗುಮುರುಗಾದದ್ದು ನೆಸ್ಟೆಡ್ ಎಂಬ ಬಗೆಯ ಕ್ಯಾನ್ಸರ್. ನೋಡಲು ಸಾಧು, ಸಾಮಾನ್ಯವಾಗಿ ಇರುವ ವಾನ್ ಬ್ರನ್ ಗೂಡುಗಳ (ಯೂರೋಥೀಲಿಯಂನ ನಿರುಪದ್ರವಿ ಗುಂಪುಗಳು) ಹಾಗೇ. ಆದರೆ ತಳದಲ್ಲಿ ಅಡ್ಡಾದಿಡ್ಡಿಯಾಗಿ ಸ್ನಾಯುವಿಗೆ ನುಗ್ಗಿರುತ್ತದೆ.

ಇದಕ್ಕೆಲ್ಲ ಫಾರಂ ತುಂಬಿ ಬರಬೇಕು. ಹಿಂದಿನ ಆಪರೇಷನ್, ಬಿಸಿಜಿ, ಕಲ್ಲು, ಕ್ಯಾತಿಟರ್, ರೇಡಿಯೇಷನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋಥೆರಪಿ ಔಷಧಿ ತೆಗೆದುಕೊಂಡಿದ್ದರೆ ಅದೂ. ಸಿಗರೇಟ್ ಸೇದುತ್ತಾರಾ ಅಂತ ಕೇಳಲೇಬೇಕು, ಈ ಕ್ಯಾನ್ಸರಿಗೆ ದೊಡ್ಡ ಕಾರಣ ಅದೇ. ಕೆಲಸವನ್ನೂ ಕೇಳಬೇಕು. 1895ರಲ್ಲೇ ಲುಡ್ವಿಗ್ ರೇನ್ ಎಂಬ ಜರ್ಮನ್ ಸರ್ಜನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿದ್ದರು. ಬೆನ್ಸಿಡಿನ್, ಬೀಟಾ ನ್ಯಾಫ್ತಿಲಮೈನ್‌ನಂಥ ರಾಸಾಯನಿಕಗಳೇ ಕಾರಣ ಎನ್ನುವುದು ಆಮೇಲೆ ಗೊತ್ತಾಯಿತು. ಸಂಪರ್ಕಕ್ಕೆ ಬಂದು ದಶಕಗಳಾದ ಮೇಲೂ ಗಡ್ಡೆ ಬರಬಹುದು. ಹಾಗಾಗಿ ಫಾರಂನಲ್ಲಿ ‘ನಿವೃತ್ತ’ ಅಂತಿದ್ದರೆ, ಅದಕ್ಕೂ ಮೊದಲು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿ ಬರೆಸಿಕೊಳ್ಳುತ್ತೇನೆ.