ಕೋಲಾರದ ಬಾಯಿ ಕ್ಯಾನ್ಸರ್: ಸುದ್ದಿ ಸಿಗದವರನ್ನು ಯಾವ ಲೆಕ್ಕಕ್ಕೆ ಹಾಕಬೇಕು?

ಕೋಲಾರ ಜಿಲ್ಲೆಯ ಬಾಯಿ ಕ್ಯಾನ್ಸರ್ ದಾಖಲೆಗಳಿಂದ, ಕಾಯಿಲೆ ಪತ್ತೆಯಾದ ಮೇಲೆ ಎಷ್ಟು ಮಂದಿ ಎಷ್ಟು ಕಾಲ ಬದುಕಿದರೆಂದು ಲೆಕ್ಕ ಹಾಕುವಾಗ ನಮಗೆ ಹೆಚ್ಚು ಸಮಯ ಹಿಡಿದದ್ದು ಗಣಿತವಲ್ಲ. ರೋಗಿ ಇದ್ದಾರೋ ಇಲ್ಲವೋ ಎಂಬ ಹುಡುಕಾಟ.

ನೂರು ರೋಗಿಗಳು ಎಂದುಕೊಳ್ಳಿ. ಐದು ವರ್ಷದೊಳಗೆ 40 ಮಂದಿ ತೀರಿಕೊಂಡರು, 30 ಮಂದಿ ಬದುಕಿದ್ದಾರೆ, 30 ಮಂದಿಯ ಸುದ್ದಿಯೇ ಇಲ್ಲ. ಸುದ್ದಿ ಇಲ್ಲದವರನ್ನು ಬದುಕಿದವರೆಂದು ಬರೆದರೆ ಬದುಕುಳಿದವರ ಪ್ರಮಾಣ ಶೇ 60, ಕೈಬಿಟ್ಟರೆ ಶೇ 43, ತೀರಿಕೊಂಡರೆಂದರೆ ಶೇ 30. ಈ ಪ್ರಮಾಣವನ್ನು ಲೆಕ್ಕ ಹಾಕುವ ಕಪ್ಲಾನ್–ಮೇಯರ್ ವಿಧಾನ ಅವರನ್ನು ಕೊನೆಯ ಭೇಟಿಯ ದಿನದವರೆಗೆ ಎಣಿಸುತ್ತದೆ. ಆದರೆ ಅದು, ಬರುವುದನ್ನು ನಿಲ್ಲಿಸಿದವರ ಗತಿಯೂ ಉಳಿದವರಂತೆಯೇ ಎಂದು ನಂಬಿ ನಡೆಯುತ್ತದೆ. ಹಳ್ಳಿಯಲ್ಲಿ ಆಸ್ಪತ್ರೆ ಬಿಡುವವರು ಬಹಳ ಸಲ ಕಾಯಿಲೆ ಉಲ್ಬಣಿಸಿದವರೇ.

ಸಾವು ಸಂಭವಿಸಿದ ಸ್ಥಳದಲ್ಲೇ ನೋಂದಣಿಯಾಗುತ್ತದೆ. ಕೆಜಿಎಫ್ ಕಡೆಯವರು ಕುಪ್ಪಂ, ವೆಲ್ಲೂರಿಗೆ, ಮಿಕ್ಕವರು ಬೆಂಗಳೂರಿಗೆ ಹೋಗಿ ಅಲ್ಲೇ ತೀರಿಕೊಂಡರೆ ಕೋಲಾರದ ಮರಣ ದಾಖಲೆಯಲ್ಲಿ ಹೆಸರಿರುವುದಿಲ್ಲ. ಹೆಸರೂ ಒಂದು ತೊಡಕು: ಚೀಟಿಯಲ್ಲಿ ವೆಂಕಟಮ್ಮ, ಆಧಾರಿನಲ್ಲಿ ವೆಂಕಟಲಕ್ಷ್ಮಮ್ಮ. ಆದ್ದರಿಂದ ಹೆಸರಿನ ಉಚ್ಚಾರ, ವಯಸ್ಸು (ಮೂರು ವರ್ಷ ಆಚೀಚೆ), ಗಂಡನ ಅಥವಾ ತಂದೆಯ ಹೆಸರು, ಊರು, ಈ ನಾಲ್ಕರಲ್ಲಿ ಮೂರು ತಾಳೆಯಾದರೆ ಮಾತ್ರ ಇಬ್ಬರೂ ಒಬ್ಬರೇ ಎಂದು ಒಪ್ಪುತ್ತೇವೆ. ತಾಳೆಯಾಗದವರ ಬಗ್ಗೆ ಆಶಾ ಕಾರ್ಯಕರ್ತೆಯರನ್ನು ಕೇಳಬೇಕು. ಫೋನ್ ನಂಬರ್ ಮಗನದೋ ಅಳಿಯನದೋ ಆಗಿರುತ್ತದೆ. ಸಾವಿನ ಮಾತು ಮೆಲ್ಲಗೆ ಎತ್ತಿ.

ದಿನ ಎಣಿಕೆ ಬಯಾಪ್ಸಿಯ (ಗೆಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆಯ) ತಾರೀಖಿನಿಂದ, ಚಿಕಿತ್ಸೆಯ ದಿನದಿಂದಲ್ಲ. ತಿಂಗಳಷ್ಟೇ ಗೊತ್ತಿದ್ದರೆ ಆ ತಿಂಗಳ 15 ಎಂದು ಹಿಡಿಯಿರಿ. ಮರಣ ಪತ್ರದಿಂದಷ್ಟೇ ತಿಳಿದುಬಂದ ಪ್ರಕರಣಗಳಿಗೆ ಪತ್ತೆಯ ದಿನವೇ ಇಲ್ಲ. ಹೊರಗಿಟ್ಟು ಸಂಖ್ಯೆ ಮಾತ್ರ ಬರೆಯಿರಿ. ನಾಲಿಗೆಯ ಬುಡ (ಕಾಯಿಲೆಗಳ ಸಂಕೇತ ಪಟ್ಟಿಯಲ್ಲಿ ಸಿ01) ಗಂಟಲಿಗೆ ಸೇರಿದ್ದು, ಬಾಯಿಯ ಲೆಕ್ಕಕ್ಕೆ ತರಬೇಡಿ.

ಯಾವ ಅಂಶಗಳು ಸಾವಿನ ಅಪಾಯವನ್ನು ಏರಿಸುತ್ತವೆ, ಇಳಿಸುತ್ತವೆ ಎಂದು ಒಟ್ಟಿಗೆ ತೂಗಿ ನೋಡಲು ಕಾಕ್ಸ್ ಮಾದರಿ ಎಂಬ ಲೆಕ್ಕ. ಕಾಯಿಲೆಯ ಹಂತ ನಮೂದಾಗದವರನ್ನು ತೆಗೆದುಹಾಕುವುದು ದೊಡ್ಡ ತಪ್ಪು, ಏಕೆಂದರೆ ಪರೀಕ್ಷೆ ಮುಗಿಯುವ ಮೊದಲೇ ತೀರಿಕೊಂಡವರು ಅದರಲ್ಲಿರುತ್ತಾರೆ. 'ತಿಳಿದಿಲ್ಲ' ಎಂದೇ ಪ್ರತ್ಯೇಕ ಗುಂಪು ಮಾಡಿ. ಎಲೆ ಅಡಿಕೆ, ಹೊಗೆಸೊಪ್ಪಿನ ಕಾಲಂ ಬಹುಪಾಲು ಖಾಲಿಯೇ ಇರುತ್ತದೆ, ಅದರ ಮೇಲೆ ತೀರ್ಮಾನ ಕಟ್ಟಬೇಡಿ.

ಚಿಕಿತ್ಸೆ ಪಡೆದವರು, ಪಡೆಯದವರು ಎಂದು ನೇರವಾಗಿ ಹೋಲಿಸಿದರೆ ಚಿಕಿತ್ಸೆಗೆ ಇಲ್ಲದ ಗುಣ ಬರುತ್ತದೆ: ಸರದಿ ಬರುವ ಮೊದಲೇ ತೀರಿಕೊಂಡವರೆಲ್ಲ 'ಪಡೆಯದವರ' ಕಡೆ ಬೀಳುತ್ತಾರೆ. ನಾವು 90ನೇ ದಿನ ಬದುಕಿದ್ದವರನ್ನು ಮಾತ್ರ ತೆಗೆದುಕೊಂಡು, ಆ ಹೊತ್ತಿಗೆ ಚಿಕಿತ್ಸೆ ಶುರುವಾಗಿತ್ತೇ ನೋಡಿ, ಅಲ್ಲಿಂದ ಮುಂದಕ್ಕೆ ಎಣಿಸುತ್ತೇವೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಹಂತವಾರು ಬದುಕುಳಿದವರ ಪ್ರಮಾಣದಲ್ಲಿ ಏರಿಕೆ ಕಂಡರೆ ಹಿಗ್ಗುವ ಮೊದಲು ಸಿಟಿ ಸ್ಕ್ಯಾನ್ ಯಾವಾಗ ಬಂತೆಂದು ವಿಚಾರಿಸಿ. ಮೊದಲು ಎರಡನೇ ಹಂತ ಎನಿಸುತ್ತಿದ್ದವರಲ್ಲಿ ಕಾಯಿಲೆ ಹೆಚ್ಚಿದ್ದವರು ಸ್ಕ್ಯಾನಿನಿಂದಾಗಿ ಮೂರನೆಯದಕ್ಕೆ ಸರಿದರೆ, ಎರಡನೆಯದರಲ್ಲಿ ಹಗುರ ಕಾಯಿಲೆಯವರಷ್ಟೇ ಉಳಿದು, ಮೂರನೆಯದಕ್ಕೆ ಅಲ್ಲಿನವರಿಗಿಂತ ಹಗುರದವರು ಸೇರಿ, ಯಾರ ಆಯಸ್ಸೂ ಬೆಳೆಯದೆ ಎರಡೂ ಗುಂಪಿನಲ್ಲಿ ಬದುಕುಳಿದವರ ಶೇಕಡಾ ಏರುತ್ತದೆ. ಎಲ್ಲ ಹಂತ ಸೇರಿಸಿದ ಅಂಕಿಯನ್ನೂ ಪಕ್ಕದಲ್ಲೇ ಇಡಿ. ಸುದ್ದಿ ಸಿಗದವರ ಪ್ರಮಾಣ ಯಾವ ತಾಲ್ಲೂಕಿನಲ್ಲಿ ಉಳಿದವುಗಳಿಗಿಂತ ಬಹಳ ಹೆಚ್ಚಿದೆಯೋ ಆ ತಾಲ್ಲೂಕನ್ನು ನಾವು ಹೋಲಿಕೆಗೆ ತರುವುದೇ ಇಲ್ಲ.