ಕಕ್ಷೆಯಲ್ಲೇ ಸಂವೇದಕವನ್ನು ಬಿಸಿಮಾಡಿ ಹಾಟ್ ಪಿಕ್ಸೆಲ್ ಇಳಿಸಿದ ಬಗೆ

ಪುಟ್ಟ ಉಪಗ್ರಹದ ಕ್ಯಾಮೆರಾಕ್ಕೆ ಬೆಳಕು ಹಿಡಿದು ಚಿತ್ರವಾಗಿಸುವ, ಮಾರುಕಟ್ಟೆಯ ಸಾಮಾನ್ಯ ಸಿಮಾಸ್ ಸಂವೇದಕವನ್ನೇ ಕೂರಿಸಿ, ವಿಕಿರಣದಿಂದ ಕೆಟ್ಟಾಗ ಅದನ್ನು ಅಲ್ಲೇ ಬಿಸಿಮಾಡಿ ಸರಿಪಡಿಸೋಣ ಎಂದಾಗ ಒಪ್ಪಿದವರು ವಿರಳ. ಎಲ್ಲರೂ ಮುಂದಿಟ್ಟದ್ದು ನಾಸಾದ ‘ಚಂದ್ರ’ ಎಂಬ ಬಾಹ್ಯಾಕಾಶ ಎಕ್ಸ್-ರೇ ದೂರದರ್ಶಕವನ್ನು. 1999ರಲ್ಲಿ ಪ್ರೋಟಾನ್‌ಗಳಿಂದ ಹಾನಿಗೊಂಡ ಅದರ ಸಿಸಿಡಿಗಳನ್ನು (ಇನ್ನೊಂದು ಬಗೆಯ ಚಿತ್ರ ಸಂವೇದಕಗಳನ್ನು) ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದಾಗ ವಿದ್ಯುದಂಶ ಸಾಗಣೆಯ ನಷ್ಟ ಇಳಿಯುವ ಬದಲು ಏರಿತ್ತು. ಆದರೆ ಸಿಸಿಡಿಯಲ್ಲಿ ವಿದ್ಯುದಂಶವು ನೂರಾರು ಪಿಕ್ಸೆಲ್ ದಾಟಿ ಅಂಚಿಗೆ ಬರಬೇಕು; ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಆಂಪ್ಲಿಫೈಯರ್ ಇರುವುದರಿಂದ ಆ ದೂರದ ಪಯಣವೇ ಇಲ್ಲ. ನನ್ನ ತೊಂದರೆ ಡಾರ್ಕ್ ಕರೆಂಟ್ ಮಾತ್ರ, ಅಂದರೆ ಬೆಳಕಿಲ್ಲದಾಗಲೂ ಪಿಕ್ಸೆಲ್‌ನಲ್ಲಿ ಸೋರಿ ಸೇರುವ ವಿದ್ಯುತ್ತು; ಅದು ಅತಿಯಾದ ಪಿಕ್ಸೆಲ್‌ಗಳೇ ಹಾಟ್ ಪಿಕ್ಸೆಲ್‌ಗಳು. ಅದಕ್ಕೆ ಹಬಲ್‌ನ ಸಿಸಿಡಿಗಳನ್ನು ಹಾಟ್ ಪಿಕ್ಸೆಲ್ ಇಳಿಸಲು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಬೆಚ್ಚಗಾಗಿಸುವ ರೂಢಿಯೇ ನನಗೆ ಆಧಾರವಾಯಿತು.

ಅದಕ್ಕೂ ಮೊದಲು ನೆಲದಿಂದ ಪ್ರತಿ ಪಿಕ್ಸೆಲ್ಲಿನ ಡಾರ್ಕ್ ಕರೆಂಟಿನ ನಕ್ಷೆ ಕಳುಹಿಸಿ ಅದನ್ನು ಚಿತ್ರದಿಂದ ಕಳೆಯುವ ದಾರಿ ಹಿಡಿದಿದ್ದೆವು. ಕೆಲವು ಪಿಕ್ಸೆಲ್‌ಗಳು ಎರಡು ಮಟ್ಟಗಳ ನಡುವೆ ತಮಗೆ ತೋಚಿದಂತೆ ಜಿಗಿಯುತ್ತಿದ್ದುದರಿಂದ ನಕ್ಷೆ ತಲುಪುವಷ್ಟರಲ್ಲೇ ಹಳಸುತ್ತಿತ್ತು. ಏಳೆಂಟು ಡಿಗ್ರಿ ತಂಪಾಗಿಸಿದರೆ ಡಾರ್ಕ್ ಕರೆಂಟ್ ಅರ್ಧವಾಗುವುದು ನಿಜ, ಆದರೆ ಪೆಲ್ಟಿಯರ್ ಕೂಲರ್ ಕೇಳುವ ವಿದ್ಯುತ್ತು ನಮ್ಮ ಸೌರಫಲಕಕ್ಕೆ ನಿಲುಕಲಿಲ್ಲ. ಬಾಹ್ಯಾಕಾಶ ದರ್ಜೆಯ ಸಂವೇದಕದ ಬೆಲೆಯಂತೂ ಇಡೀ ಕ್ಯಾಮೆರಾದ ಬಜೆಟ್ಟಿನ ಮೂರು ಪಟ್ಟು ಇತ್ತು.

ಹೀಟರ್‌ಗೆ ತಗುಲಿದ್ದು ಮಸೂರದ ಲೇಪನಕ್ಕೆ ಕೊಟ್ಟ ಹಣದ ಹತ್ತರಲ್ಲೊಂದು ಪಾಲೂ ಅಲ್ಲ. ಹಣವನ್ನು ನುಂಗಿದ್ದು ಸಂವೇದಕವನ್ನು ನೆಲದಲ್ಲೇ ಹಾನಿಗೊಳಿಸಿ ಪರೀಕ್ಷಿಸಲು ಬೇಕಾದ ಪ್ರೋಟಾನ್ ಕಿರಣದ ಗಂಟೆಗಳು. ಪರೀಕ್ಷೆಯಲ್ಲಿ ಒಂದು ಬ್ಯಾಚಿನ ಸಂವೇದಕಗಳ ಮುಚ್ಚುಗಾಜಿನ ಅಂಟು 100 ಡಿಗ್ರಿಯ ಹತ್ತಿರ ಮೆತ್ತಗಾಗಿ ಗಾಜು ಸರಿಯಿತು, ಹಾಗಾಗಿ 80ಕ್ಕೆ ನಿಂತೆವು. ನಿಜವಾದ ತೊಡಕು ಬೇರೆಯಿತ್ತು: ಸಂವೇದಕವನ್ನು ತಂಪಾಗಿಡಲೆಂದು ರೇಡಿಯೇಟರ್‌ಗೆ ಜೋಡಿಸಿದ ತಾಮ್ರದ ಪಟ್ಟಿಯೇ ಹೀಟರ್‌ನ ಬಿಸಿಯನ್ನೂ ಹೊರಗೆ ಸುರಿಯುತ್ತಿತ್ತು. ಬಿಸಿಮಾಡುವ ಹೊತ್ತಿಗೆ ಉಪಗ್ರಹವನ್ನು ತಿರುಗಿಸಿ ರೇಡಿಯೇಟರ್ ಸೂರ್ಯನ ಕಡೆಗಿರುವಂತೆ ಮಾಡಿದ ಮೇಲೆ ಎರಡು ವ್ಯಾಟ್‌ನಷ್ಟೇ ಸಾಕಾಯಿತು. ಕೆಲವು ಗಂಟೆಗಳಲ್ಲಿ ಹಾಟ್ ಪಿಕ್ಸೆಲ್‌ಗಳ ಮೂರರಲ್ಲಿ ಎರಡು ಪಾಲು ಮಿತಿಯೊಳಗೆ ಬಂದವು. ಬಿಸಿಯನ್ನು ಯಾವ ವೇಗದಲ್ಲಿ ಏರಿಸಿ ಇಳಿಸಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕುತೂಹಲಕ್ಕೆಂದು ಸಂವೇದಕಕ್ಕೆ ವಿದ್ಯುತ್ ಕೊಟ್ಟೂ ಕೊಡದೆಯೂ ಬಿಸಿಮಾಡಿ ನೋಡಿದೆ. ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಜಿಗಿಯುವ ಪಿಕ್ಸೆಲ್‌ಗಳು ಮಾತ್ರ ಮೊಂಡು: ಹಲವು ತಣ್ಣಗಾದರೂ, ಅದುವರೆಗೆ ಸುಮ್ಮನಿದ್ದ ಕೆಲವು ಹೊಸದಾಗಿ ಜಿಗಿಯತೊಡಗಿದವು. ಆದ್ದರಿಂದ ಪ್ರತಿ ಬಿಸಿಯ ನಂತರ ಅವುಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತೇವೆ. ಅಂದು ಚಂದ್ರದ ಉದಾಹರಣೆ ಕೊಟ್ಟವರಲ್ಲೊಬ್ಬರು ಈಗ ತಮ್ಮ ಕ್ಯಾಮೆರಾಕ್ಕೂ ನಮ್ಮ ಹೀಟರಿನ ನಕ್ಷೆ ಕೇಳಿದ್ದಾರೆ.